ಎರಡು ಖಾರ, ಒಂದು ಪಾತ್ರೆ



ಜೂನ್ ತಿಂಗಳ ಕೊನೆಯ ವಾರದ ಹೊತ್ತಿಗೆ ಆರಿದ್ರಾ ಮಳೆ ಹುಟ್ಟುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಗದ್ದೆಗಳಲ್ಲಿ ಆಗ ಬಿಡುವಿಲ್ಲದ ಕೆಲಸ. ಕಂಬಳಿಕೊಪ್ಪೆ ಹೊದ್ದು ಹೋದವರು ಸಂಜೆ ಮನೆ ಸೇರುವಷ್ಟರಲ್ಲಿ ಕೈಬೆರಳು ಮರಗಟ್ಟಿರುತ್ತವೆ. ಅದೇ ದಿನಗಳಲ್ಲಿ ಊರಂಚಿನ ಚೌಡಿಗೆ, ಭೂತಕ್ಕೆ ಪೂಜೆ. ಕೋಳಿ ಒಪ್ಪಿಸಿ, ಮನೆಗೆ ತಂದು, ಖಾರದ ಸಾರು ಮಾಡಿ, ಹಬೆಯಾಡುವ ಕಡುಬಿನ ಜೊತೆ ಮನೆಮಂದಿಯೆಲ್ಲ ಕೂತು ಉಣ್ಣುತ್ತಾರೆ. ದೀಪಾವಳಿಯಲ್ಲಿ ನೋನಿ ಎಂಬ ಪೂಜೆ ಬಂದಾಗ ಮತ್ತೊಮ್ಮೆ ಇದೇ ಊಟ. ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬಾ ಜಾತ್ರೆ ನಡೆದಾಗ ನೆಂಟರ ದಂಡಿಗೂ ಇದೇ ಸಾರು, ಪಾತ್ರೆ ಮಾತ್ರ ದೊಡ್ಡದು.

ಬ್ಯಾಕೋಡು ಈ ಸೀಮೆಯ ಅಂಚಿನ ಊರು. ಸಾಗರ ತಾಲ್ಲೂಕಿಗೆ ಸೇರಿದ್ದರೂ ತುಮರಿ, ಸಿಗಂದೂರುಗಳಂತೆ ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಕಣಿವೆ ತುಂಬಿದ ಮೇಲೆ ಕರೂರು, ಬಾರಂಗಿ ಸೀಮೆಯ ಜನ ಸಾಗರದ ಪೇಟೆಗೆ ಹೋಗಬೇಕಾದರೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚಿಗೆ ಕಾಯಬೇಕಾಯಿತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚು ವಾಹನ ಹತ್ತಿಸಿಕೊಳ್ಳುತ್ತಿರಲಿಲ್ಲ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿ ಆಚೆಯೇ. ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಆರು ದಶಕ ಹೀಗೆ ನೀರಿನ ಆಚೆ ಇದ್ದ ಊರಿನ ಅಡುಗೆಮನೆಗೆ ಹಿತ್ತಿಲೇ ಮೊದಲ ಅಂಗಡಿ. ಅಂಗಳದಲ್ಲಿ ಮೇಯುವ ಹ್ಯಾಟೆ, ಹುಂಜ. ತೋಟದ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಮನೆಯ ಹಿಂದಿನ ತೆಂಗು. ಬೇಲಿ ಬದಿಯ ಸೂಜಿಮೆಣಸಿನ ಗಿಡ. ಅಟ್ಟದ ಮೇಲೆ ಒಣಗಿಸಿಟ್ಟ ಹುಳಿ. ಪೇಟೆಯಿಂದ ಬರಬೇಕಾದದ್ದು ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಈರುಳ್ಳಿ, ಬೆಳ್ಳುಳ್ಳಿ, ಗಸಗಸೆಯಂಥ ಕೆಲವೇ ಸಾಮಾನು.

ಈ ಸಾರಿನಲ್ಲಿ ಖಾರ ಎರಡು ಬಗೆಯದು. ಒಂದು ತೋಟದ ಕಾಳುಮೆಣಸು, ಇನ್ನೊಂದು ಪೇಟೆಯ ಒಣಮೆಣಸು. ಎರಡನ್ನೂ ಅಳತೆ ತಪ್ಪದೆ, ಹೊತ್ತು ತಪ್ಪದೆ ಹಾಕುವುದರಲ್ಲಿಯೇ ಮಲೆನಾಡಿನ ಕೋಳಿ ಸಾರಿನ ಗುಟ್ಟು ಇದೆ. ಹೋಟೆಲಿನ ಕೆಂಪು ಗ್ರೇವಿಯನ್ನೇ ಖಾರದ ಕೋಳಿ ಎಂದು ತಿಳಿದ ಮಕ್ಕಳು ಮನೆಯಲ್ಲಿ ಅಡುಗೆಗೆ ನಿಂತಾಗ ಅಚ್ಚಖಾರದ ಪುಡಿಯನ್ನು ಚಮಚಗಟ್ಟಲೆ ಸುರಿಯುತ್ತಾರೆ. ನಾಲಿಗೆ ಉರಿಯುತ್ತದೆ, ರುಚಿ ಬರುವುದಿಲ್ಲ. ಅದಕ್ಕೆ ಕಾರಣ ತಿಳಿಯಬೇಕಾದರೆ ಈ ಎರಡು ಖಾರಗಳ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಕಾಳುಮೆಣಸು ಪಶ್ಚಿಮಘಟ್ಟದ್ದೇ ಬಳ್ಳಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಾಂಸದಡುಗೆಯ ವಿವರಗಳು ಬಹಳ ಇವೆ. ಅಲ್ಲಿ ಖಾರಕ್ಕೆ ಇರುವುದು ಕಾಳುಮೆಣಸು, ಶುಂಠಿ; ಘಮಕ್ಕೆ ಇಂಗು. ಒಣಮೆಣಸಿನಕಾಯಿಯ ಸುಳಿವಿಲ್ಲ, ಇರಲು ಸಾಧ್ಯವೂ ಇರಲಿಲ್ಲ. 16ನೆಯ ಶತಮಾನದಲ್ಲಿ ಇದೇ ಶರಾವತಿಯ ಕೆಳದಂಡೆಯ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಎಂದು. 1552ರಿಂದ 1606ರವರೆಗೆ ನಡೆದ ಆ ದೀರ್ಘ ಆಳ್ವಿಕೆಯಲ್ಲಿ ಘಟ್ಟದ ಮೆಣಸು ಹೊನ್ನಾವರ, ಭಟ್ಕಳದ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಸಾಗರ ತಾಲ್ಲೂಕಿನ ಕಾಡಿನೊಳಗೆ ಪಾಳುಬಿದ್ದಿರುವ ಕಾನೂರು ಕೋಟೆಯನ್ನು ಜನ ಇವತ್ತಿಗೂ ಆ ರಾಣಿಯ ಹೆಸರಿನ ಜೊತೆಗೇ ನೆನೆಯುತ್ತಾರೆ. ಮುಂದೆ ಈ ಮೆಣಸಿನ ಸೀಮೆ ಕೆಳದಿ ನಾಯಕರ ಕೈಸೇರಿತು.

ಮೆಣಸು ಹುಡುಕಿಕೊಂಡು ಬಂದ ಅದೇ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದ ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿಯಿತು. ಗೋವೆ ಅವರ ವಶವಾದದ್ದು 1510ರಲ್ಲಿ. ಮುಂದಿನ ಇನ್ನೂರು ಮುನ್ನೂರು ವರ್ಷಗಳಲ್ಲಿ ಈ ಕಾಯಿ ಬಡವರ ಖಾರವಾಗಿ ಒಳನಾಡನ್ನೆಲ್ಲ ಹೊಕ್ಕಿತು. ಕಾಳುಮೆಣಸು ಮಾರುವ ಬೆಳೆ. ಮೆಣಸಿನಕಾಯಿ ಗಿಡವನ್ನಾದರೆ ಯಾರ ಹಿತ್ತಿಲಲ್ಲಾದರೂ ಹಾಕಿಕೊಳ್ಳಬಹುದಿತ್ತು. ಹಾಗಿದ್ದರೂ ಮಲೆನಾಡು ಹಳೆಯ ಖಾರವನ್ನು ಬಿಡಲಿಲ್ಲ. ಹೊಸದು ಬಂದು ಹಳೆಯದರ ಪಕ್ಕದಲ್ಲಿ ಕೂತಿತು. ಇದು ಈ ಅಡುಗೆಮನೆಗಳ ದೊಡ್ಡ ಜಾಣತನ.

ಇಂಗ್ಲೆಂಡಿನ ಒಂದು ಉದಾಹರಣೆ ಇಲ್ಲಿ ಹೇಳಲೇಬೇಕು. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬ ಹೆಂಗಸು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿ ಭಾರತದ ರೀತಿಯ ಕರಿ ಮಾಡುವ ವಿಧಾನವಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಕರಿ ಎಂದು ಅದು ಹೆಸರಾಗಿದೆ. ಕೋಳಿ ಅಥವಾ ಮೊಲ, ಈರುಳ್ಳಿ, ಮೂವತ್ತು ಕಾಳುಮೆಣಸು, ಸಲಿಕೆಯ ಮೇಲೆ ಹಾಕಿ ಬೆಂಕಿಗೆ ಹಿಡಿದು ಹುರಿದ ಕೊತ್ತಂಬರಿ ಬೀಜ. ಮೆಣಸಿನಕಾಯಿ ಅದರಲ್ಲಿ ಇಲ್ಲ! ಕೊತ್ತಂಬರಿಯನ್ನು ಹುರಿದೇ ಹಾಕಬೇಕೆಂಬ ತಿಳಿವಳಿಕೆ ಆಗಲೇ ಅಷ್ಟು ದೂರ ಹೋಗಿತ್ತು. ಬ್ಯಾಕೋಡಿನ ಒಲೆಯ ಮುಂದೆ ಕೂತ ಅಜ್ಜಿಗೆ ಆ ಬರಹವನ್ನು ಓದಿ ಹೇಳಿದರೆ ಸಲಿಕೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಪರಿಚಿತವೆನಿಸುತ್ತದೆ.

ಎರಡು ಖಾರಗಳು ನಾಲಿಗೆಯ ಮೇಲೆ ಬೇರೆಬೇರೆಯಾಗಿ ನಡೆಯುತ್ತವೆ. ಮೆಣಸಿನಕಾಯಿಯಲ್ಲಿರುವುದು ಕ್ಯಾಪ್ಸೈಸಿನ್, ಕಾಳುಮೆಣಸಿನಲ್ಲಿರುವುದು ಪೈಪರಿನ್. ಎರಡೂ ಹೋಗಿ ತಟ್ಟುವುದು ನರದ ತುದಿಯ ಒಂದೇ ಬಾಗಿಲನ್ನು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಸುಡುಬಿಸಿಯನ್ನು ದೇಹಕ್ಕೆ ತಿಳಿಸುವ ಗ್ರಾಹಕ ಅದು. 1997ರಲ್ಲಿ ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ಖಾರ ತಿಂದಾಗ ನಾಲಿಗೆ ಸುಟ್ಟಂತೆ ಅನಿಸುವುದು, ಮೈ ಬೆವರುವುದು ಈ ಗ್ರಾಹಕದಿಂದಲೇ. ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುವ ವಸ್ತು, ನೀರಿನಲ್ಲಿ ಕರಗದು. ಆದ್ದರಿಂದ ಬಾಯಿ ಉರಿದಾಗ ಲೋಟಗಟ್ಟಲೆ ನೀರು ಕುಡಿದರೆ ಪ್ರಯೋಜನವಿಲ್ಲ. ಹಾಲು, ಮೊಸರು, ಮಜ್ಜಿಗೆ ಒಂದು ಗುಟುಕು ಸಾಕು. ಇನ್ನೊಂದು ಮಾತು: ಖಾರವೆಲ್ಲ ಬೀಜದಲ್ಲಿದೆ ಎಂಬುದು ತಪ್ಪು ನಂಬಿಕೆ. ಅದು ಇರುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸುಕ್ಕುಗಟ್ಟಿದ ಮೈ, ಗಾಢ ಕೆಂಪು, ಖಾರ ಹಗುರ. ಸಾರಿಗೆ ಬಣ್ಣ ಮತ್ತು ಮೈ ಕೊಡುವುದು ಅದರ ಕೆಲಸ. ಅದೊಂದರಿಂದಲೇ ಖಾರ ತರಲು ಹೊರಟರೆ ಮೆಣಸಿನಕಾಯಿಯ ಸಿಪ್ಪೆಯೇ ಹೆಚ್ಚಾಗಿ ಸಾರು ಕಹಿಯಾಗುತ್ತದೆ. ಖಾರ ಏರಿಸಲು ಗುಂಟೂರು ಮೆಣಸು ಮೂರು ನಾಲ್ಕು, ಇಲ್ಲವೇ ಬೇಲಿ ಬದಿಯ ಸೂಜಿಮೆಣಸು. ಗಂಟಲಿನಲ್ಲಿ ನಿಧಾನಕ್ಕೆ ಇಳಿದು ಎದೆ ಬೆಚ್ಚಗೆ ಮಾಡುವ ಖಾರಕ್ಕೆ ಮಾತ್ರ ಕಾಳುಮೆಣಸೇ ಬೇಕು.

ಇನ್ನು ಕೋಳಿಯ ವಿಚಾರ. ಅಂಗಡಿಯ ಬಾಯ್ಲರ್ ಕೋಳಿ ಆರು ವಾರದ ಒಳಗೆ ಎರಡು ಕಿಲೋ ತೂಗುತ್ತದೆ. ಅಂಗಳದಲ್ಲಿ ಹುಳುಹುಪ್ಪಟೆ ಕೆದಕಿ ತಿಂದು ಬೆಳೆದ ನಾಟಿ ಕೋಳಿಗೆ ಒಂದೂವರೆ ಕಿಲೋ ಆಗಲು ಐದಾರು ತಿಂಗಳಾದರೂ ಬೇಕು. ನಡೆದು, ಹಾರಿ, ಕೆದಕಿ ಅದರ ಸ್ನಾಯು ಬಿಗಿಯಾಗಿರುತ್ತದೆ. ವಯಸ್ಸಾದಂತೆ ಮಾಂಸವನ್ನು ಕಟ್ಟಿಹಿಡಿಯುವ ಕೊಲಾಜೆನ್ ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ಸಣ್ಣ ಉರಿಯಲ್ಲಿ ನೀರಿನೊಳಗೆ ಗಂಟೆಗಟ್ಟಲೆ ಬೆಂದಾಗ ಆ ಎಳೆಗಳು ಕರಗಿ ಜೆಲಾಟಿನ್ ಆಗುತ್ತವೆ. ನಾಟಿ ಕೋಳಿಯ ಸಾರು ತುಟಿಗೆ ಅಂಟುವುದು ಅದರಿಂದಲೇ. ಅಷ್ಟು ಬೇಗ ಬೆಳೆಯುವ ಬಾಯ್ಲರಿನಲ್ಲಿ ಎಳೆಗಳು ಹಾಗೆ ಬೆಸೆದುಕೊಳ್ಳಲು ಕಾಲಾವಕಾಶವೇ ಇಲ್ಲ. ನಾಟಿ ಕೋಳಿಯ ಹಾಗೆ ಅದನ್ನೂ ಒಂದೂವರೆ ಗಂಟೆ ಬೇಯಿಸಿದರೆ ಮೂಳೆ ಒಂದು ಕಡೆ, ನಾರು ಒಂದು ಕಡೆ ಆಗುತ್ತದೆ. ಅಡುಗೆಯವರು ಗಡಿಯಾರ ನೋಡುವ ಮುಂಚೆ ಕೋಳಿಯನ್ನು ನೋಡಬೇಕು.

ನಾಟಿಗೂ ಬಾಯ್ಲರಿಗೂ ನಡುವೆ ಗಿರಿರಾಜ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ರೂಪಿಸಿದ ಈ ತಳಿ ಹಿತ್ತಿಲ ಸಾಕಣೆಗೆಂದೇ ಹುಟ್ಟಿದ್ದು. ನಾಟಿಗಿಂತ ಬೇಗ ತೂಕ ಹಿಡಿಯುತ್ತದೆ, ಅಂಗಳದಲ್ಲಿ ಮೇಯುತ್ತದೆ. ಹಿತ್ತಿಲ ಕೋಳಿ ಯಾವುದೇ ಇರಲಿ, ಕೊಕ್ಕರೆ ರೋಗದ ಲಸಿಕೆ ತಪ್ಪಿಸಿದರೆ ಒಂದು ವಾರದಲ್ಲಿ ಗೂಡು ಬರಿದಾಗಬಹುದು. ಹಬ್ಬದ ಸಾರಿನ ತಯಾರಿ ಲೆಕ್ಕಕ್ಕೆ ಹಿಡಿದರೆ ಅಲ್ಲಿಂದಲೇ ಶುರುವಾಗುತ್ತದೆ.

ಅಂಗಳದ ಕೋಳಿಗೂ ಈ ಘಟ್ಟಕ್ಕೂ ರಕ್ತಸಂಬಂಧವೇ ಇದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಡಾರ್ವಿನ್ ಕಾಲದಿಂದ ಹೇಳಿಕೊಂಡು ಬಂದಿದ್ದರು. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳ ತಂಡ ಹಳದಿ ಚರ್ಮದ ವಂಶವಾಹಿಯನ್ನು ಬೆನ್ನಟ್ಟಿತು. ಅದು ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯ ಕಡೆಯಿಂದ ಬಂದದ್ದು ಎಂದು ತೋರಿಸಿತು. ಬೂದು ಕಾಡುಕೋಳಿ ದಕ್ಷಿಣ ಭಾರತದ ಹಕ್ಕಿ, ಶರಾವತಿ ಕಣಿವೆಯ ಕಾಡಿನಲ್ಲಿ ಬೆಳಗಿನ ಜಾವ ಕೂಗುವುದು ಅದೇ. ಹಾಗಾದರೆ ಇಂದು ಲೋಕದ ಮೂಲೆಮೂಲೆಯಲ್ಲಿ ಸಾಕುವ ಹಳದಿ ಕಾಲಿನ ಕೋಳಿಯ ಮೈಯಲ್ಲಿ ನಮ್ಮ ಕಡೆಯ ಕಾಡಿನ ಒಂದು ಅಂಶ ಉಳಿದಿದೆ. ಕಾಡುಕೋಳಿಯನ್ನು ಬೇಟೆಯಾಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದು ಕಾಡಿನಲ್ಲೇ ಇರಲಿ. ಸಾರಿಗೆ ಅಂಗಳದ ಕೋಳಿ ಬೇಕಾದಷ್ಟಿದೆ.

ಈಗ ಒಲೆಯ ಹತ್ತಿರ ಬರೋಣ.

ಕೋಳಿಯನ್ನು ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತ ಮೇಲೆ ಉರಿಗೆ ಹಿಡಿದು ಸಣ್ಣ ರೋಮವನ್ನೆಲ್ಲ ಸುಟ್ಟು, ಅರಿಸಿನ ಸವರಿ ತೊಳೆಯುವುದು ಇಲ್ಲಿಯ ರೂಢಿ. ಚರ್ಮ ತೆಗೆಯುವುದಿಲ್ಲ. ಸುಟ್ಟ ಚರ್ಮದ ಘಮ, ಅದರಡಿಯ ಕೊಬ್ಬು ಎರಡೂ ಸಾರಿಗೆ ಬೇಕು. ಮೂಳೆ ಸಹಿತ ಚಿಕ್ಕ ತುಂಡು ಮಾಡುತ್ತಾರೆ. ನೆಲ್ಲಿಕಾಯಿ ಗಾತ್ರ ದಾಟಿದರೆ ಖಾರ ಒಳಗಿಳಿಯುವುದು ತಡ. ಅಂಗಡಿಯಿಂದ ತಂದ ಮಾಂಸವನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆಯಬಾರದು. ಹಸಿ ಮಾಂಸದ ಮೇಲಿನ ರೋಗಾಣು ನೀರಿನ ಹನಿಗಳ ಜೊತೆ ಸುತ್ತಲಿನ ಪಾತ್ರೆಗೆಲ್ಲ ಸಿಡಿಯುತ್ತದೆ. ಪಾತ್ರೆಯಲ್ಲಿ ನೀರು ಹಿಡಿದು ಮೆಲ್ಲಗೆ ತೊಳೆದು, ಹಲಗೆಯನ್ನೂ ಕತ್ತಿಯನ್ನೂ ಕೂಡಲೇ ಸೋಪಿನಲ್ಲಿ ತಿಕ್ಕಿದರೆ ಆ ಭಯ ಕಡಿಮೆ.

ಒಂದು ಕಿಲೋ ಮಾಂಸದ ಲೆಕ್ಕ ಹೀಗಿದೆ. ದಪ್ಪ ತಳದ ಪಾತ್ರೆಗೆ ಎರಡು ಚಮಚ ತೆಂಗಿನೆಣ್ಣೆ ಹಾಕಿ, ಹೆಚ್ಚಿದ ಒಂದು ದೊಡ್ಡ ಈರುಳ್ಳಿ ಬಾಡಿಸಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಅರ್ಧ ಚಮಚ ಅರಿಸಿನ, ಉಪ್ಪು, ಮಾಂಸ ಇವಿಷ್ಟನ್ನೇ ಹಾಕಬೇಕು. ನೀರು ಬೇಡ. ಕೋಳಿ ತಾನೇ ನೀರು ಬಿಡುತ್ತದೆ. ಆ ನೀರು ಹಿಂಗಿ, ಕೊಬ್ಬು ಕರಗಿ, ತುಂಡುಗಳು ಪಾತ್ರೆಯ ತಳದಲ್ಲಿ ಚುರುಗುಟ್ಟುವ ತನಕ ಮಗುಚುತ್ತಿರಬೇಕು. ಹಸಿವಾಸನೆ ಹೋಗುವುದು ಈ ಹಂತದಲ್ಲಿ. ಆಮೇಲೆ ಮುಳುಗುವಷ್ಟು ಬಿಸಿನೀರು ಹೊಯ್ದು ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ನಾಟಿ ಕೋಳಿಗೆ ಒಂದೂವರೆ ಗಂಟೆ, ವಯಸ್ಸಾದ ಹುಂಜಕ್ಕೆ ಇನ್ನೂ ಹೆಚ್ಚು. ಕುಕ್ಕರಿನಲ್ಲಿ ಐದಾರು ಸೀಟಿಗೆ ಬೇಯುತ್ತದೆ. ಮರುದಿನ ಕೆಲಸಕ್ಕೆ ಹೋಗಬೇಕಾದವರು ಕುಕ್ಕರ್ ಇಟ್ಟರೆ ರುಚಿಯೇನೂ ಕೆಡುವುದಿಲ್ಲ, ಮಸಾಲೆಯನ್ನು ಮುಚ್ಚಳ ತೆಗೆದ ಮೇಲೆ ಹಾಕಿದರೆ ಸರಿ. ಬಾಯ್ಲರ್ ಆದರೆ ಲೆಕ್ಕ ತಿರುಗುಮುರುಗು: ಮಸಾಲೆಯನ್ನು ಮೊದಲು ಬೇಯಿಸಿಕೊಂಡು ಕೋಳಿಯನ್ನು ಆಮೇಲೆ ಹಾಕಿ, ಇಪ್ಪತ್ತೈದು ನಿಮಿಷದ ಆಸುಪಾಸಿನಲ್ಲಿ ಇಳಿಸಬೇಕು.

ಕೋಳಿ ಬೇಯುತ್ತಿರುವಾಗ ಮಸಾಲೆ ಹುರಿಯುವ ಕೆಲಸ. ತಾಳ್ಮೆ ಬೇಕಾಗುವುದು ಇಲ್ಲಿಯೇ. ಹತ್ತು ಹನ್ನೆರಡು ಬ್ಯಾಡಗಿ ಮೆಣಸನ್ನು ಒಂದು ತೊಟ್ಟು ಎಣ್ಣೆಯಲ್ಲಿ ಸಣ್ಣ ಉರಿಗೆ ಗರಿಗರಿ ಮಾಡಬೇಕು. ಅದರ ಕೆಂಪು, ಎಣ್ಣೆಯಲ್ಲಿ ಕರಗುವ ಬಣ್ಣ; ಬರಿಯ ಬಾಣಲೆಯಲ್ಲಿ ಹುರಿದರೆ ಅಷ್ಟು ಬಿಡುವುದಿಲ್ಲ. ಉರಿ ಜೋರಾದರೆ ಮೆಣಸು ಕಪ್ಪಾಗಿ, ಘಾಟು ಎದ್ದು ಮನೆಯವರೆಲ್ಲ ಕೆಮ್ಮುತ್ತಾರೆ, ಸಾರೂ ಕಹಿಯಾಗುತ್ತದೆ. ಅದನ್ನು ತೆಗೆದಿಟ್ಟು ಮೂರು ದೊಡ್ಡ ಚಮಚ ಕೊತ್ತಂಬರಿ ಬೀಜವನ್ನು ಕಂದುಬಣ್ಣ ಬರುವಷ್ಟು ಹುರಿಯಬೇಕು. ಜೀರಿಗೆ ಒಂದು ಚಿಕ್ಕ ಚಮಚ, ಲವಂಗ ಐದಾರು, ಬೆರಳುದ್ದದ ಚಕ್ಕೆ, ಒಂದು ಚಮಚ ಗಸಗಸೆ, ಒಂದು ಚಿಕ್ಕ ಚಮಚ ಕಾಳುಮೆಣಸು ಬಾಣಲೆಯ ಬಿಸಿಯಲ್ಲೇ ಬೆಚ್ಚಗಾದರೆ ಸಾಕು. ಇನ್ನೊಂದು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟರೆ ಒಳ್ಳೆಯದು. ಗ್ಯಾಸಿನ ಮನೆಯವರು ಎಣ್ಣೆಯಲ್ಲಿ ಕೆಂಪಗೆ ಹುರಿಯಬಹುದು. ಇವನ್ನೆಲ್ಲ ಒರಳಿನಲ್ಲೋ ಮಿಕ್ಸಿಯಲ್ಲೋ ನುಣ್ಣಗೆ ಅರೆದು ಮುಕ್ಕಾಲು ಬೆಂದ ಕೋಳಿಗೆ ಸೇರಿಸಬೇಕು.

ಕಾಯಿಯನ್ನು ಮಸಾಲೆಯ ಜೊತೆಗೇ ಅರೆದು ಒಮ್ಮೆಲೇ ಹಾಕುವ ಮನೆಗಳೂ ಇವೆ. ನಾಟಿ ಕೋಳಿಗೆ ಅದು ಒಪ್ಪುವುದಿಲ್ಲ. ಕಾಯಿ ಬಹಳ ಹೊತ್ತು ಕುದಿದರೆ ಎಣ್ಣೆ ಬೇರೆಯಾಗಿ ತರಿತರಿಯಾಗುತ್ತದೆ, ತಳ ಹಿಡಿಯುವ ಭಯವೂ ಇದೆ. ಅರ್ಧ ಕಾಯಿಯ ತುರಿಯನ್ನು ಹೊಂಬಣ್ಣಕ್ಕೆ ಹುರಿದು, ಬೇರೆಯಾಗಿ ಅರೆದು, ಕೋಳಿ ಪೂರ್ತಿ ಬೆಂದ ಮೇಲೆ ಹಾಕಿ ಹತ್ತು ನಿಮಿಷ ಕುದಿಸಿದರೆ ಸಾರು ಒಂದೇ ಸಮ ನಿಲ್ಲುತ್ತದೆ.

ಇನ್ನೊಂದು ಚಮಚ ಕಾಳುಮೆಣಸು ಇನ್ನೂ ಬಾಕಿ ಇದೆ. ಅದನ್ನು ಇಳಿಸುವ ಎರಡು ನಿಮಿಷ ಮುಂಚೆ ಕುಟ್ಟಿ ಹಾಕಬೇಕು, ಪುಡಿಯ ಡಬ್ಬಿಯದಲ್ಲ, ಆಗಲೇ ಕುಟ್ಟಿದ್ದು. ಪೈಪರಿನ್ ಎಷ್ಟು ಕುದಿಸಿದರೂ ಸಾರಿನಲ್ಲೇ ಉಳಿಯುತ್ತದೆ. ಮೆಣಸಿನ ಪರಿಮಳದ ತೈಲ ಮಾತ್ರ ಹಬೆಯ ಜೊತೆ ಹಾರಿಹೋಗುತ್ತದೆ. ಹೀಗಾಗಿ ಮೊದಲು ಹಾಕಿದ ಕಾಳುಮೆಣಸು ಖಾರ ಕೊಡುತ್ತದೆ, ಕೊನೆಗೆ ಹಾಕಿದ್ದು ಘಮ ಕೊಡುತ್ತದೆ. ಮೆಣಸು ಯಾವ ಬಳ್ಳಿಯದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಈ ಕಡೆಯ ಹಳೆಯ ತೋಟಗಳಲ್ಲಿ ಮಲ್ಲಿಗೆಸರದಂಥ ನಾಡತಳಿಗಳಿವೆ, ಆಮೇಲೆ ನೆಟ್ಟಲ್ಲಿ ಕೇರಳದ ಪನ್ನಿಯೂರು ಬಂದಿದೆ. ಸೊರಗು ರೋಗ ಬಳ್ಳಿಗಳನ್ನು ನುಂಗುತ್ತಿರುವ ಈ ಕಾಲದಲ್ಲಿ ಮನೆಬಳಕೆಗೆಂದಾದರೂ ಎರಡು ನಾಡಬಳ್ಳಿ ಉಳಿಸಿಕೊಂಡವರು ಪುಣ್ಯವಂತರು.

ಖಾರ ಹಿಡಿತಕ್ಕೆ ಬರುವುದು ಹುಳಿಯಿಂದ. ಪೇಟೆಯಲ್ಲಿ ಟೊಮೆಟೊ ಸುಲಭ, ಆದರೆ ಅದರ ನೀರು ಮತ್ತು ಸಿಹಿ ಮಲೆನಾಡಿನ ಸಾರಿಗೆ ಹೊಂದುವುದಿಲ್ಲ. ಒಣಗಿಸಿದ ವಾಟೆಹುಳಿಯ ಎರಡು ಹೋಳು ಕುದಿಯುವಾಗ ಹಾಕಿದರೆ ಹದವಾದ ಹುಳಿ. ಉಪ್ಪಾಗೆ ಗಾಢವಾದ ಹುಳಿ, ಅದು ಮೀನಿಗೇ ಮೀಸಲಾಗಿರಲಿ. ಏನೂ ಇಲ್ಲದಿದ್ದರೆ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರಾಯಿತು.

ಜೊತೆಗೆ ಕಡುಬು ಇಲ್ಲದಿದ್ದರೆ ಊಟ ಅರ್ಧ. ಅಕ್ಕಿಯ ತರಿಯನ್ನು ಕುದಿವ ನೀರಿಗೆ ಉಪ್ಪು ಹಾಕಿ ಗೊಟಾಯಿಸಿ, ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದರೆ ಕಡುಬು. ಕಡುಬು–ತುಂಡಿನ ಊಟ ತೀರ್ಥಹಳ್ಳಿ ಕಡೆಯ ಬದುಕಿಗೆ ಎಷ್ಟು ಹೊಕ್ಕುಬಳಕೆಯದು ಎಂಬುದು ಕುಪ್ಪಳಿಯ ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಗೊತ್ತು. ಸಾಗರ, ಸಿದ್ದಾಪುರ, ಶಿರಸಿಯ ದೀವರ ಸಮುದಾಯದ ಮನೆಗಳಲ್ಲಿ ಹಬ್ಬಕ್ಕೆ ಕೋಳಿ ಕಜ್ಜಾಯವೂ ಉಂಟು. ಅಕ್ಕಿ ಹಿಟ್ಟಿನಲ್ಲಿ ತಟ್ಟಿ ಎಣ್ಣೆಯಲ್ಲಿ ಕರಿದ ಕಜ್ಜಾಯವನ್ನು ಮುರಿದು ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಕರಿದ ಕಜ್ಜಾಯ ಸಾರಿನ ಎಣ್ಣೆಯನ್ನೂ ಖಾರವನ್ನೂ ಹೀರಿಕೊಳ್ಳುತ್ತದೆ. ಕಡುಬು ಹಾಗಲ್ಲ, ಅದು ಸಪ್ಪಗೆ ನಿಂತು ಖಾರವನ್ನು ತಗ್ಗಿಸುತ್ತದೆ. ಜೋರು ಖಾರದ ಸಾರಿಗೆ ಕಡುಬು, ಸ್ವಲ್ಪ ಇಳಿಸಿದ ಖಾರಕ್ಕೆ ಕಜ್ಜಾಯ ಎಂದು ನೋಡಿಕೊಂಡರೆ ಮಕ್ಕಳೂ ಉಣ್ಣುತ್ತಾರೆ.

ಸೇತುವೆ ಬಂದ ಮೇಲೆ ಬ್ಯಾಕೋಡಿನಿಂದ ಸಾಗರದ ಅಂಗಡಿ ಹತ್ತಿರವಾಗಿದೆ. ಬಾಯ್ಲರ್ ಕೋಳಿ, ಪೊಟ್ಟಣದ ಮಸಾಲೆ ಬೇಕೆಂದಾಗ ಸಿಗುತ್ತವೆ. ಆಸ್ಪತ್ರೆಗೆ, ಕಾಲೇಜಿಗೆ ದಾರಿಯಾದ ಸೇತುವೆಯಿಂದ ಇವೂ ಬಂದರೆ ಬರಲಿ. ಆದರೆ ಪೊಟ್ಟಣದ ಪುಡಿಯಲ್ಲಿ ಕಾಳುಮೆಣಸು ಹೆಸರಿಗಷ್ಟೇ ಇರುವುದುಂಟು, ಇದ್ದದ್ದೂ ತಿಂಗಳುಗಟ್ಟಲೆ ಹಳೆಯದು. ಅಂಥದನ್ನು ಬಳಸುವವರು ಕೊನೆಯಲ್ಲಿ ಒಂದು ಚಮಚ ಕಾಳುಮೆಣಸು ಕುಟ್ಟಿ ಹಾಕಿ ನೋಡಲಿ. ಅಡಿಕೆ ತೋಟದಲ್ಲಿ ಬೆಳೆದದ್ದನ್ನೆಲ್ಲ ಮಾರಿ, ಮನೆಗೆ ಪುಡಿ ಕೊಳ್ಳುವುದು ಬೇಸರದ ಸಂಗತಿ.

ಮಿಕ್ಕ ಸಾರನ್ನು ಮರುದಿನಕ್ಕೆ ಇಡುವವರು ಒಂದು ಎಚ್ಚರ ವಹಿಸಬೇಕು. ಕಾಯಿ ಹಾಕಿದ ಸಾರು ಬೇಗ ಹಳಸುತ್ತದೆ, ಮಳೆಗಾಲದ ತಂಪನ್ನು ನಂಬಿ ಒಲೆಕಟ್ಟೆಯ ಮೇಲೆ ರಾತ್ರಿಯಿಡೀ ಬಿಡಬಾರದು. ಫ್ರಿಜ್ ಇದ್ದವರು ಸಾರು ಇಳಿಸಿದ ಎರಡು ಗಂಟೆಯೊಳಗೆ ಒಳಗಿಡಬೇಕು. ಇಲ್ಲದವರು ಆ ಹೊತ್ತಿಗೆ ಮುಗಿಯುವಷ್ಟೇ ಸಾರು ಮಾಡಲಿ. ಫ್ರಿಜ್ಜಿನಲ್ಲಿ ಜೆಲಾಟಿನ್ ಹೆಪ್ಪುಗಟ್ಟಿ ಸಾರು ಗಟ್ಟಿಯಾಗಿದ್ದರೆ ಬಿಸಿನೀರನ್ನೇ ಸೇರಿಸಿ ಕೊತಕೊತ ಕುದಿಸಿದರೆ ಅಕ್ಕಿ ರೊಟ್ಟಿಯ ಜೊತೆ ಚೆನ್ನಾಗಿರುತ್ತದೆ.